ಬಲಗೋಲಿನ ಸದ್ದು

ನಾನು ಚಿತ್ರಕಲಾ ಶಿಕ್ಷಕಿ. ಕೋಲಾಟಕ್ಕೂ ನನಗೂ ಇದ್ದ ನಂಟೆಂದರೆ ಶಾಲಾ ವಾರ್ಷಿಕೋತ್ಸವಕ್ಕೆ ಕೋಲುಗಳಿಗೆ ಬಣ್ಣದ ಕಾಗದ ಸುತ್ತಿಕೊಟ್ಟದ್ದು, ಅಷ್ಟೇ. ಆದರೂ ನಾಲ್ಕು ತಾಲ್ಲೂಕಿನ ಮಕ್ಕಳಿಗೆ ಕೋಲಾಟ ಕಲಿಸುವ ಕೆಲಸ ನನ್ನ ಕೊರಳಿಗೇ ಬಿತ್ತು. ಕಾರಣ, ಹಿಂದಿನ ಬೇಸಿಗೆಯಲ್ಲಿ ನಾನು ಮೊಬೈಲಿನಲ್ಲಿ ವಿಡಿಯೊ ಪಾಠ ತಯಾರಿಸುವ ತರಬೇತಿಗೆ ಹೋಗಿಬಂದಿದ್ದೆ. ನಮ್ಮಲ್ಲಿ ಅಂಥ ಒಂದು ತರಬೇತಿಗೆ ಹೋಗಿಬಂದವರ ಕಥೆ ಅಲ್ಲಿಗೆ ಮುಗಿಯಿತು. ಆಮೇಲೆ ಶಾಲೆಯ ಸ್ಮಾರ್ಟ್ ಟೀವಿಯ ರಿಮೋಟ್ ಕಳೆದರೂ ಅವರನ್ನೇ ಕೇಳುತ್ತಾರೆ, ಮುಖ್ಯ ಶಿಕ್ಷಕರ ಮಗಳ ಮದುವೆ ಫೋಟೊ ಫೋನಿನಲ್ಲಿ ತೆರೆಯದಿದ್ದರೂ ಅವರನ್ನೇ ಕರೆಯುತ್ತಾರೆ.

ಯೋಜನೆ ಮೇಲಿನಿಂದ ಬಂದದ್ದು. ಚನ್ನಗಿರಿ ತಾಲ್ಲೂಕಿನಲ್ಲಿ ಬಸವಾಪಟ್ಟಣದ ಹತ್ತಿರದ ನಮ್ಮ ಶಾಲೆ, ಹೊನ್ನಾಳಿಯದೊಂದು, ನ್ಯಾಮತಿ ತಾಲ್ಲೂಕಿನಲ್ಲಿ ಸವಳಂಗದ ಕಡೆಯದೊಂದು, ಜಗಳೂರಿನದೊಂದು. ಈ ನಾಲ್ಕು ಶಾಲೆಗಳಿಂದ ನಾಲ್ಕು ನಾಲ್ಕು ಜೋಡಿ ಮಕ್ಕಳು ಜಿಲ್ಲೆಯ ಮಕ್ಕಳ ಕಲಾಮೇಳದಲ್ಲಿ ಒಂದೇ ಸುತ್ತಿನಲ್ಲಿ ಕೋಲಾಟ ಆಡಬೇಕು. ಜೊತೆಗೆ ಪ್ರತಿ ಜೋಡಿಯಲ್ಲೂ ಬೇರೆ ಬೇರೆ ಊರಿನವರಿರಬೇಕು ಎಂದು ಅಧಿಕಾರಿಗಳ ಆಸೆ. ಒಟ್ಟಿಗೆ ಅಭ್ಯಾಸ ಮಾಡಿಸೋಣವೆಂದರೆ ಜಗಳೂರು ಜಿಲ್ಲೆಯ ಆ ತುದಿ, ನಾವು ಈ ತುದಿ. ಹಾಗಾಗಿ ಒಂದು ವಿಡಿಯೊ ಪಾಠ ಮಾಡಿ ನಾಲ್ಕೂ ಶಾಲೆಗೆ ಕಳಿಸುವುದು, ಮಕ್ಕಳು ಟೀವಿ ನೋಡಿ ಕಲಿಯುವುದು, ಮೇಳದ ದಿನ ಬೆಳಿಗ್ಗೆ ಎಲ್ಲರನ್ನೂ ಮೈದಾನದಲ್ಲಿ ಸೇರಿಸುವುದು ಎಂದಾಯಿತು. ಸಭೆಯಲ್ಲಿ ಕುಳಿತು ಕೇಳುವಾಗ ಬಲು ಸಲೀಸಾಗಿ ಕಾಣಿಸಿತು.

ಹೇಳಿಕೊಡುವವರು ಯಾರು ಎಂದಾಗ ಎಲ್ಲರೂ ಒಬ್ಬರನ್ನೇ ತೋರಿಸಿದರು. ತ್ಯಾವಣಿಗೆಯಿಂದ ಸ್ವಲ್ಪ ಒಳಗಿನ ಒಂದು ಹಳ್ಳಿಯಲ್ಲಿ ಕೋಲಾಟದ ಮೇಷ್ಟ್ರು ಇದ್ದರು. ಸುತ್ತಲ ಹಳ್ಳಿಗಳಲ್ಲಿ ಈಗ ಮೀಸೆ ನರೆತವರೆಲ್ಲ ಒಂದು ಕಾಲಕ್ಕೆ ಅವರ ಕೈಕೆಳಗೆ ಕೋಲು ಹಿಡಿದವರೇ. ಮನೆಯ ಮುಂದಿನ ಕೋಣೆಯಲ್ಲಿ ಹಿಟ್ಟಿನ ಗಿರಣಿ, ಅದನ್ನು ಅವರ ಹೆಂಡತಿ ನಡೆಸುತ್ತಾರೆ. ನಾನು ಹೋದಾಗ ಮೇಷ್ಟ್ರು ಬಾಗಿಲ ಬಳಿ ಬೆಂಚಿನ ಮೇಲೆ ಕುಳಿತಿದ್ದರು. ಬಲಗೈಯ ಮೇಲೆ ಟವೆಲ್ ಹೊದಿಸಿಕೊಂಡಿದ್ದರು. ನಾನು ಬಂದ ಕಾರಣ ಹೇಳಿ ಮುಗಿಸುವವರೆಗೂ ಸುಮ್ಮನೆ ಕೇಳಿ, ಆಮೇಲೆ ಟವೆಲ್ ಸರಿಸಿದರು.

"ನೋಡ್ರಿ ಅಕ್ಕೋರೇ. ಲಕ್ವ ಹೊಡೆದೈತೆ. ಇಷ್ಟು ಏಳ್ತೈತೆ, ಆದ್ರೆ ಹಿಡಿತ ಇಲ್ಲ. ಇದನ್ನ ಟೀವ್ಯಾಗೆ ತೋರ್ಸಾಕೆ ಬಂದೀರಾ?"

ಯಾರೂ ನನಗೆ ಈ ವಿಷಯ ತಿಳಿಸಿರಲಿಲ್ಲ. ಎಡಗೈಯಲ್ಲಿ ತೋರಿಸಿದರೂ ಸಾಕು ಎಂದೆ. ಅವರು ಬೇಡವೆಂದು ತಲೆಯಾಡಿಸಿದರು. ಅವರ ಕೋಲಾಟದ ತಂಡದಲ್ಲಿ ಒಂದು ಪದ್ಧತಿ ಇತ್ತಂತೆ. ಆಟ ಮುಗಿದ ಮೇಲೆ ಪ್ರತಿಯೊಬ್ಬ ಆಟಗಾರನೂ ಸಾಲಾಗಿ ಬಂದು ತನ್ನ ಬಲಗೋಲನ್ನು ಮೇಷ್ಟ್ರ ಬಲಗೋಲಿಗೆ ಒಮ್ಮೆ ತಟ್ಟಬೇಕು. ಆ ಸದ್ದು ಕೇಳಿದ ಮೇಲೆಯೇ ಕೋಲುಗಳು ಚೀಲ ಸೇರುವುದು. ಅಲ್ಲಿಯವರೆಗೆ ಆಟ ಮುಗಿದ ಲೆಕ್ಕವಲ್ಲ.

"ಬಲಗೋಲು ತಟ್ಟಾಕೆ ಆಗದವ್ನು ಎಂಥ ಮೇಷ್ಟ್ರು, ಹೇಳ್ರಿ. ಎಡಗೈಲಿ ಕುಣ್ದು ನಾಲ್ಕು ತಾಲ್ಲೂಕಿನ ಮುಂದೆ ನಗೆಪಾಟಲಾಗಾಕೆ ನನಗೆ ಆಗಲ್ಲ."

ಒಳಗಿನಿಂದ ಅವರ ಹೆಂಡತಿ ಬಂದರು. ರೆಪ್ಪೆಯ ಮೇಲೂ ಹಿಟ್ಟು. "ಲಕ್ವ ಕೈಗೆ ಹೊಡೆದೈತೆ, ಬಾಯಿಗಲ್ಲ. ದಿನಾ ನನ್ನ ಮ್ಯಾಲೆ ಕೂಗಾಡಾಕೆ ದನಿ ಐತೆ, ಮಕ್ಕಳಿಗೆ ಹಾಡಾಕೆ ಇಲ್ವಾ?" ಎಂದರು. ಮೇಷ್ಟ್ರು ನಕ್ಕರು. ಕೊನೆಗೆ, ದನಿ ಮಾತ್ರ ಕೊಡುತ್ತೇನೆ, ಕೈ ಕೇಳಬೇಡಿ ಎಂದು ಒಪ್ಪಿದರು. ನಾನು ಆಗಲೆಂದೆ. ಅವರ ಆಟದಲ್ಲಿ ಹೆಣಿಗೆ ಎಂಬ ಒಂದು ಸುತ್ತಿತ್ತು. ಆಟಗಾರರು ಒಬ್ಬರನ್ನೊಬ್ಬರು ದಾಟುತ್ತ, ಒಳಗೆ ಹೊರಗೆ ನುಸುಳುತ್ತ, ಚಾಪೆ ನೇಯ್ದಂತೆ ಸಾಗುವ ಸುತ್ತು. ಅದನ್ನು ಪೂರ್ತಿ ಬಲ್ಲವರು ಈಗ ಅವರೊಬ್ಬರೇ. ಅದು ತಮ್ಮ ಜೊತೆಗೇ ಹೋಗಿಬಿಡುತ್ತದೆ ಎಂಬ ಕೊರಗು ಅವರಿಗಿದೆ ಎಂದು ಬಸ್ ಸ್ಟ್ಯಾಂಡಿನವರೆಗೆ ಕಳಿಸಲು ಬಂದ ಅವರ ಹೆಂಡತಿ ಹೇಳಿದರು.

ಮೊದಲ ಧ್ವನಿಮುದ್ರಣ ಅವರ ಮನೆಯಲ್ಲೇ ಮಾಡಿದೆ. ಬೀಸಿಸಿಕೊಳ್ಳಲು ಬಂದವರನ್ನು ಎಷ್ಟು ಹೊತ್ತು ಕಾಯಿಸಲು ಸಾಧ್ಯ? ಗಿರಣಿ ನಡೆಯುತ್ತಲೇ ಇತ್ತು. ನನಗೇನೂ ಚಿಂತೆಯಾಗಲಿಲ್ಲ, ಏಕೆಂದರೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದ ಆ್ಯಪ್‌ನಲ್ಲಿ ಬೇಡದ ಸದ್ದನ್ನು ತೆಗೆಯುವ ಒಂದು ಗುಂಡಿ ಇತ್ತು. ಅದನ್ನು ಒತ್ತಿಯೇ ರೆಕಾರ್ಡ್ ಮಾಡಿದೆ. ಮೇಷ್ಟ್ರು ಬಲಗೋಲನ್ನು ತೊಡೆಯ ಮೇಲಿಟ್ಟುಕೊಂಡು ಅದಕ್ಕೆ ಎಡಗೋಲಿನಿಂದ ಬಡಿಯುತ್ತ ಹಾಡಿದರು. ಹಾಡು ಮುಗಿದ ಮೇಲೆ ಹೆಮ್ಮೆಯಿಂದ ಕೇಳಿಸಿದೆ. ಗಿರಣಿಯ ಸದ್ದು ಮಾಯವಾಗಿತ್ತು, ದನಿ ಗಾಜಿನಂತೆ ತಿಳಿಯಾಗಿತ್ತು.

"ಹಾಡು ಐತೆ. ಕೋಲೆಲ್ಲೈತೆ?" ಎಂದರು ಮೇಷ್ಟ್ರು.

ಕೋಲಿನ ಒಂದು ಏಟೂ ಉಳಿದಿರಲಿಲ್ಲ. ಮನುಷ್ಯರ ಮಾತನ್ನು ಬಿಟ್ಟು ಉಳಿದದ್ದನ್ನೆಲ್ಲ ಗದ್ದಲ ಎಂದು ಬಗೆಯುವ ಆ ಗುಂಡಿ ಗಿರಣಿಯ ಜೊತೆಗೆ ಕೋಲನ್ನೂ ಗುಡಿಸಿಹಾಕಿತ್ತು. ಕೋಲಿಲ್ಲದ ಕೋಲಾಟವನ್ನು ಕೇಳಿ ಅವರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ನನಗೆ ಸಿಟ್ಟು ಬಂತು, ಸುಮ್ಮನೆ ಫೋನ್ ಚೀಲಕ್ಕೆ ಹಾಕಿಕೊಂಡೆ.

ಎರಡನೆಯ ಸಲ ಅವರನ್ನು ಆಟೊದಲ್ಲಿ ನಮ್ಮ ಶಾಲೆಗೇ ಕರೆಸಿದೆ. ಅವರ ಹೆಂಡತಿ ಅರ್ಧ ದಿನ ಗಿರಣಿ ಮುಚ್ಚಿ ಜೊತೆಗೆ ಬಂದರು. ತರಗತಿಯ ಕೋಣೆಗಳಲ್ಲಿ ಕೋಲಿನ ಏಟು ಗೋಡೆಗೆ ಬಡಿದು ಎರಡೆರಡಾಗಿ ಕೇಳುತ್ತಿತ್ತು. ಅಂಗಳದಲ್ಲಿ ಗಾಳಿ. ಕೊನೆಗೆ ಸರಿಯಾದ ಜಾಗ ಸಿಕ್ಕಿದ್ದು ಬಿಸಿಯೂಟದ ಅಕ್ಕಿ ಚೀಲ ಪೇರಿಸಿಟ್ಟಿದ್ದ ಕೋಣೆಯಲ್ಲಿ. ಮೂರು ಕಡೆ ಚೀಲಗಳು ಸದ್ದನ್ನು ಹೀರಿಕೊಂಡವು. ಫೋನನ್ನು ಮಡಿಸಿದ ಕಂಬಳಿಯ ಮೇಲಿಟ್ಟು, ಆ ಗುಂಡಿಯನ್ನು ಆಫ್ ಮಾಡಿ, ದನಿ ಮತ್ತು ಕೋಲು ಸಮನಾಗಿ ಬರುವವರೆಗೆ ಅವರ ಮುಂದೆ ಫೋನನ್ನು ಹಿಂದೆ ಮುಂದೆ ಸರಿಸಿದೆ. ಈ ಸಲ ಚೆನ್ನಾಗಿ ಬಂತು. ಅದನ್ನೇ ನಾಲ್ಕೂ ಶಾಲೆಗೆ ಕಳಿಸಿದೆ.

ಉತ್ತರ ಬೇಗನೆ ಬಂತು. ಹಾಡು ಚೆನ್ನಾಗಿದೆ, ಆದರೆ ಕೇಳಿಸಿಕೊಂಡು ಕುಣಿಯುವುದು ಹೇಗೆ ಎಂದು ಮೂರು ಕಡೆಯಿಂದಲೂ ಕೇಳಿದರು. ತಪ್ಪಲ್ಲ. ನಮ್ಮ ಶಾಲೆಯಲ್ಲೇ ಮೇಷ್ಟ್ರು ಕುರ್ಚಿಯಲ್ಲಿ ಕುಳಿತು ಬಾಯಿಯಲ್ಲಿ ಹೇಳಿದರು, ನಮ್ಮ ಎಂಟು ಮಕ್ಕಳು ಒಬ್ಬರ ಕಾಲು ಒಬ್ಬರು ತುಳಿದರು. ಒಂದು ಹುಡುಗಿ ಗೆಳತಿಯ ಮೊಣಕೈಗೆ ಕೋಲಿನಿಂದ ಬಡಿದು ಅಳತೊಡಗಿದಳು. ಮೇಷ್ಟ್ರು ಒಂದಷ್ಟು ಹೊತ್ತು ನೋಡಿದರು. ಆಮೇಲೆ ಎದ್ದು, ಪಂಚೆ ಎತ್ತಿ ಕಟ್ಟಿ, ಬಲಗೈಯ ಬೆರಳುಗಳ ಸಂದಿಗೆ ಹೆಂಡತಿಯಿಂದ ಒಂದು ಕೋಲು ತೂರಿಸಿಕೊಂಡು, ಎಡಗೈಯಲ್ಲಿ ಇನ್ನೊಂದನ್ನು ಹಿಡಿದು ಮಕ್ಕಳ ಜೊತೆ ಸುತ್ತಿಗೆ ಇಳಿದರು. ಎಡಗೋಲಿನಿಂದ ಮಕ್ಕಳ ಹೆಗಲು ಮುಟ್ಟಿ ಮುಟ್ಟಿ ದಾಟಿಸಿದರು. ನಮ್ಮ ಮಕ್ಕಳು ಹೆಣಿಗೆ ಕಲಿತದ್ದು ಹಾಗೆ, ಅವರ ಜೊತೆಯಲ್ಲೇ ನಡೆದು.

ಆ ಉತ್ಸಾಹ ಆರುವ ಮುನ್ನ ಕೇಳಿಬಿಟ್ಟೆ. "ಯಜಮಾನ್ರೇ, ಇದೇ ರೀತಿ ಒಬ್ಬರೇ ಒಮ್ಮೆ ಮಾಡಿ. ನಿಮಗೆ ಇಷ್ಟವಾಗದಿದ್ದರೆ ನಿಮ್ಮ ಮುಂದೇನೇ ಅಳಿಸ್ತೀನಿ."

ಅವರು ಹೆಂಡತಿಯ ಮುಖ ನೋಡಿದರು. ಅವರು ಒಪ್ಪಿದರು.

ನೆಲದ ಮೇಲೆ ಸುಣ್ಣದಿಂದ ದೊಡ್ಡ ಸುತ್ತು ಬರೆದೆ. ಎದುರಿನಿಂದ ಒಂದು ಸಲ, ಶಾಲೆಯ ಮಾಳಿಗೆಯ ಮೇಲಿನಿಂದ ಒಂದು ಸಲ ಚಿತ್ರೀಕರಿಸಿದೆ. ಮೇಲಿನಿಂದ ನೋಡಿದಾಗ ಹೆಣಿಗೆಯ ದಾರಿ ರಂಗೋಲಿಯ ಎಳೆಯಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ನನಗೆ ಬಲು ಖುಷಿಯಾಯಿತು. ಕೆಳಗಿಳಿದು ಬಂದು ತೋರಿಸಿದೆ. ಮೇಷ್ಟ್ರು ತಮ್ಮನ್ನು ತಾವು ನೋಡಿದರು. ಪರದೆಯ ಮೇಲೆ ಏಟು ಹಾಕುತ್ತಿದ್ದದ್ದು ಎಡಗೈ, ಬಲಗೈ ಎದೆಯ ಬಳಿ ಮುದುಡಿತ್ತು. ಮುಖ ಸಪ್ಪೆಯಾಯಿತು.

"ಅಳಿಸ್ರಿ," ಎಂದರು.

ಕೊಟ್ಟ ಮಾತು ಕೊಟ್ಟದ್ದೇ. ಅಳಿಸುವ ಗುಂಡಿಯ ಹತ್ತಿರ ಬೆರಳು ಹೋಯಿತು. ಅದರ ಪಕ್ಕದಲ್ಲೇ ಚಿತ್ರವನ್ನು ಕನ್ನಡಿಯಂತೆ ಎಡಬಲ ಅದಲುಬದಲು ಮಾಡುವ ಗುಂಡಿ ಇತ್ತು. ಚಿತ್ರಕಲೆಯ ಪಾಠದಲ್ಲಿ ಅರ್ಧ ಚಿಟ್ಟೆ ಬರೆದು ಪೂರ್ತಿ ಮಾಡಲು ನಾನದನ್ನು ಬಳಸುತ್ತಿದ್ದೆ. ಅದನ್ನು ಒತ್ತಿ ಫೋನನ್ನು ಮತ್ತೆ ಅವರ ಮುಂದೆ ಹಿಡಿದೆ.

ಈಗ ಪರದೆಯ ಮೇಲಿನ ಮೇಷ್ಟ್ರು ಬಲಗೈಯಲ್ಲಿ ಹೊಡೆಯುತ್ತಿದ್ದರು. ಎಡಗೈ ಸುಮ್ಮನೆ ಆಧಾರಕ್ಕೆ ಇದ್ದಂತಿತ್ತು. ಅವರು ಫೋನನ್ನು ನನ್ನ ಕೈಯಿಂದ ತೆಗೆದುಕೊಂಡರು. ಮುಗಿದ ಮೇಲೆ ಇನ್ನೊಮ್ಮೆ ಹಾಕಿ ಎಂದರು. ಅದು ಮುಗಿದಾಗ ಕಣ್ಣಲ್ಲಿ ನೀರಿತ್ತು.

"ಕೈ ವಾಪಸ್ ಬಂದೈತಲ್ರೀ," ಎಂದರು.

ಅವರ ಹೆಂಡತಿ ಬಗ್ಗಿ ನೋಡಿ, "ಅಂಗಿ ಜೇಬೂ ಬಲಕ್ಕೆ ಬಂದೈತೆ ನೋಡ್ರಿ. ಬೀಡಿ ಕಟ್ಟು ಹುಡುಕಾಕೆ ಕಷ್ಟ," ಎಂದು ನಗಿಸಿದರು. ನಾನೂ ನಕ್ಕೆ. ಆ ದಿನ ಒಬ್ಬ ಮನುಷ್ಯನಿಗೆ ನಾನು ಏನನ್ನೋ ಕೊಟ್ಟೆ ಎಂದು ನನಗೆ ನಿಜವಾಗಿ ಅನ್ನಿಸಿತು. ಮನೆಗೆ ಹೋಗುವ ದಾರಿಯುದ್ದಕ್ಕೂ ಹಗುರವಾಗಿದ್ದೆ.

ಎಡಿಟಿಂಗ್ ಮಾಡುವಾಗ ಒಂದು ತೊಂದರೆ ಕಾಣಿಸಿತು. ಹಿಂದಿನ ಗೋಡೆಯ ಮೇಲೆ ಬರೆದಿದ್ದ ನುಡಿಮುತ್ತಿನ ಅಕ್ಷರಗಳು ಉಲ್ಟಾ ಆಗಿದ್ದವು. ಯಾರಾದರೂ ನೋಡಿದರೆ ಗುಟ್ಟು ರಟ್ಟಾಗುತ್ತದೆ ಎಂದು ಆ ಭಾಗವನ್ನೆಲ್ಲ ಜಾಣತನದಿಂದ ಕತ್ತರಿಸಿದೆ. ಅಂಗಿಯ ಜೇಬು ಯಾರ ಗಮನಕ್ಕೂ ಬರುವುದಿಲ್ಲ ಎಂದು ಬಿಟ್ಟೆ. ಎದುರಿನಿಂದ ತೆಗೆದದ್ದು, ಮೇಲಿನಿಂದ ತೆಗೆದದ್ದು, ಎರಡನ್ನೂ ಕನ್ನಡಿ ಮಾಡಿ, ಜೋಡಿಸಿ, ಅಕ್ಕಿ ಕೋಣೆಯ ಧ್ವನಿಯನ್ನು ಏಟಿಗೆ ಏಟು ಹೊಂದಿಸಿ ಕಳಿಸಿದೆ. ನಮ್ಮ ಮಕ್ಕಳಿಗೆ ಅದನ್ನು ತೋರಿಸುವ ಅಗತ್ಯ ಬೀಳಲಿಲ್ಲ, ಅವರು ಮೇಷ್ಟ್ರಿಂದಲೇ ಕಲಿತಾಗಿತ್ತು.

ಸವಳಂಗದ ಕಡೆಯ ಶಾಲೆಯಿಂದ ಮೊದಲ ದೂರು ಬಂತು. ಅಲ್ಲಿನ ಮಕ್ಕಳೆಲ್ಲ ಒಂದು ಗಳಿಗೆ ತಡವಾಗಿ ಹೊಡೆಯುತ್ತಾರಂತೆ. ಫೋನಿನಲ್ಲೇ ವಿಚಾರಿಸಿದೆ. ಟೀವಿಯ ದನಿ ಸಣ್ಣದೆಂದು ಅಲ್ಲಿನ ಶಿಕ್ಷಕರು ಬ್ಲೂಟೂತ್ ಸ್ಪೀಕರ್ ಇಟ್ಟಿದ್ದರು. ಗಾಳಿಯಲ್ಲಿ ಹೋಗುವ ಆ ಸದ್ದು ಚಿತ್ರಕ್ಕಿಂತ ತುಸು ಹಿಂದೆ ಬೀಳುತ್ತದೆ. ಮಾತಿನ ಪಾಠದಲ್ಲಿ ಅದು ಗೊತ್ತಾಗುವುದಿಲ್ಲ, ಕೋಲಿನ ಏಟಿನಲ್ಲಿ ಗೊತ್ತಾಗುತ್ತದೆ. ಕಣ್ಣಿಗೆ ಒಂದು ಏಟು, ಕಿವಿಗೆ ಇನ್ನೊಂದು. ವೈರ್ ಹಾಕಿದ ಮೇಲೆ ಸರಿಹೋಯಿತು. ಅದನ್ನು ಪತ್ತೆ ಮಾಡಿದ್ದಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಇನ್ನೇನು ಕೆಲಸ ಮುಗಿಯಿತು ಎಂದುಕೊಂಡಿದ್ದೆ.

ಮೇಳಕ್ಕೆ ಒಂದು ವಾರವೂ ಇರಲಿಲ್ಲ. ಮಧ್ಯಾಹ್ನ ನಮ್ಮ ಮಕ್ಕಳು ಅಂಗಳದಲ್ಲಿ ಅಭ್ಯಾಸ ಮಾಡುತ್ತಿದ್ದರು. ಜಗಳೂರಿನ ದೈಹಿಕ ಶಿಕ್ಷಣ ಶಿಕ್ಷಕಿ ತಮ್ಮ ಮಕ್ಕಳ ವಿಡಿಯೊ ಕಳಿಸಿದರು. ಚೆನ್ನಾಗಿ ಆಡುತ್ತಿದ್ದರು, ಬಲಗೈಯ ಏಟು ಖಡಕ್ಕಾಗಿತ್ತು. ನೋಡುತ್ತ ನೋಡುತ್ತ ತಲೆ ಎತ್ತಿ ನಮ್ಮ ಮಕ್ಕಳನ್ನು ನೋಡಿದೆ. ಮತ್ತೆ ಫೋನ್ ನೋಡಿದೆ. ನಮ್ಮವರು ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವ ರೀತಿ ಸುತ್ತುತ್ತಿದ್ದರು. ಜಗಳೂರಿನವರು ಅದಕ್ಕೆ ವಿರುದ್ಧವಾಗಿ ಸುತ್ತುತ್ತಿದ್ದರು.

ಕೈಯನ್ನು ತಿರುಗಿಸಲು ಹೋಗಿ ಸುತ್ತನ್ನೂ ತಿರುಗಿಸಿಬಿಟ್ಟಿದ್ದೆ. ಗೋಡೆಯ ಅಕ್ಷರ ಉಲ್ಟಾ ಆದದ್ದು ನನ್ನ ಕಣ್ಣಿಗೆ ಬಿದ್ದಿತ್ತು. ಮನುಷ್ಯ ಉಲ್ಟಾ ನಡೆದದ್ದು ಬಿದ್ದಿರಲಿಲ್ಲ.

ಜಗಳೂರಿಗೆ ಫೋನ್ ಮಾಡಿದೆ. ಅವರು ಮೊದಲೇ ಗಮನಿಸಿದ್ದರು. "ನಮ್ಮ ಅಡುಗೆಯೋರು ಕೇಳಿದ್ರು ಮೇಡಂ, ಇದೇನು ಉಲ್ಟಾ ಸುತ್ತುಸ್ತೀರಿ ಅಂತ. ಚನ್ನಗಿರಿ ಕಡೆ ಹಂಗೇ ಇರ್ಬೇಕು, ದೊಡ್ಡ ಮೇಷ್ಟ್ರು ಅವ್ರು, ನಾವ್ಯಾಕೆ ಕೇಳಾಕೆ ಹೋಗೋದು ಅಂದೆ," ಎಂದರು. ಹೊನ್ನಾಳಿಯಲ್ಲೂ ಇದೇ ಮಾತು. ಸವಳಂಗದ ಕಡೆಯವರೂ ಅದನ್ನು ನಮ್ಮ ಕಡೆಯ ಪದ್ಧತಿ ಎಂದೇ ತಿಳಿದಿದ್ದರು. ಮೂರು ತಾಲ್ಲೂಕಿನವರೂ ನಮ್ಮ ಮೇಲಿನ ಗೌರವದಿಂದ ಬಾಯಿ ಮುಚ್ಚಿಕೊಂಡಿದ್ದರು.

ನಮ್ಮ ಮುಖ್ಯ ಶಿಕ್ಷಕರು ಸುಲಭದ ದಾರಿ ತೋರಿಸಿದರು. ಮೂರು ಶಾಲೆ ಒಂದು ಕಡೆ, ನಮ್ಮದೊಂದೇ ಒಂದು ಕಡೆ. ನಮ್ಮ ಎಂಟು ಮಕ್ಕಳನ್ನೇ ಉಲ್ಟಾ ತಿರುಗಿಸಿಬಿಟ್ಟರೆ ಎಲ್ಲ ಸರಿಹೋಗುತ್ತದೆ. ನೋಡುವವರಲ್ಲಿ ಯಾರಿಗೆ ಗೊತ್ತಾಗಬೇಕು? ಸುಳ್ಳು ಹೇಳುವುದಿಲ್ಲ, ಆ ಮಾತು ನನಗೂ ಹಿತವಾಗಿಯೇ ಕೇಳಿಸಿತು. ಆದರೆ ಆಟ ನನ್ನದಲ್ಲ. ಸಂಜೆಯ ಬಸ್ಸಿಗೆ ಮೇಷ್ಟ್ರ ಊರಿಗೆ ಹೋದೆ.

ಗಿರಣಿ ನಿಲ್ಲಿಸಿ ಇಬ್ಬರೂ ಕುಳಿತು ಕೇಳಿದರು. ವಿಡಿಯೊ ತೋರಿಸಿದೆ. ಮೇಷ್ಟ್ರು ನೋಡಿದವರೇ ಫೋನನ್ನು ಬೆಂಚಿನ ಮೇಲಿಟ್ಟರು.

"ಇದು ಸತ್ತೋರ ಮಣ್ಣಿಗೆ ಹೋದಾಗ ಸುತ್ತೋ ಸುತ್ತು, ಅಕ್ಕೋರೇ."

"ಗೊತ್ತು ಯಜಮಾನ್ರೇ. ಅದಕ್ಕೇ ಬಂದೆ."

"ಕೈ ಹಂಗೇ ಇರ್ಲಿ, ಕಾಲು ಮಾತ್ರ ಸರಿ ಮಾಡಾಕೆ ಬರಲ್ವಾ?"

ಬರುವುದಿಲ್ಲ ಎಂದೆ. ಹೆಣಿಗೆಯಲ್ಲಿ ನಡಿಗೆ ಮತ್ತು ಏಟು ಒಂದೇ ಹೊತ್ತಿಗೆ ಬರುತ್ತವೆ. ಚಿತ್ರ ತಿರುಗಿದರೆ ಎರಡೂ ತಿರುಗುತ್ತವೆ, ನಿಂತರೆ ಎರಡೂ ನಿಲ್ಲುತ್ತವೆ. ಸುತ್ತು ಸರಿಯಾಗಬೇಕೆಂದರೆ ಚಿತ್ರವನ್ನು ಇದ್ದಂತೆಯೇ ಬಿಡಬೇಕು. ಆಗ ಅವರ ಎಡಗೈಯೇ ಕಾಣುತ್ತದೆ. ಇಲ್ಲದಿದ್ದರೆ ನಮ್ಮ ಮಕ್ಕಳನ್ನೂ ಆ ಕಡೆಗೇ ತಿರುಗಿಸಬಹುದು ಎಂದು ಮುಖ್ಯ ಶಿಕ್ಷಕರ ಮಾತನ್ನೂ ಹೇಳಿದೆ. ಅವರು ಏನೇ ಹೇಳಿದರೂ ಹಾಗೇ ಮಾಡುತ್ತೇನೆ ಎಂದೆ. ಹೇಳುವಾಗ ಅವರ ಮುಖ ನೋಡಲು ನನಗೆ ಕಷ್ಟವಾಯಿತು. ನಾನೇ ಕೊಟ್ಟದ್ದನ್ನು ನಾನೇ ಕಿತ್ತುಕೊಳ್ಳಲು ಬಂದಂತಿತ್ತು.

ಮೇಷ್ಟ್ರು ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಅವರ ಹೆಂಡತಿ ಎದ್ದು ಹೋಗಿ ಮೂರು ಲೋಟ ಟೀ ತಂದರು.

"ನನ್ನ ಕೈ ಹೋದ್ರೆ ನನ್ನೊಬ್ಬಂದು ಹೋತು," ಎಂದರು ಕೊನೆಗೆ. "ಸುತ್ತು ನನ್ನದಲ್ಲ. ನಮ್ಮ ಮೇಷ್ಟ್ರು ಕೊಟ್ಟಿದ್ದು. ನಾಳೆ ಬರ್ತೀನಿ, ಹೊಸದಾಗಿ ತೆಗೀರಿ. ಆದ್ರೆ ಸುಮ್ನೆ ಎಡಗೈ ತೋರಿಸ್ಬೇಡ್ರಿ, ಮೊದ್ಲು ನಾನು ಮಕ್ಕಳಿಗೆ ಎರಡು ಮಾತು ಹೇಳ್ಬೇಕು."

ನಾನು ಏಳುವಾಗ ಮೆಲ್ಲಗೆ ಇನ್ನೊಂದು ಮಾತು ಸೇರಿಸಿದರು. "ಆ ಉಲ್ಟಾದ್ದು ಅಳಿಸ್ಬೇಡ್ರಿ. ಇವಳ ಫೋನಿಗೆ ಹಾಕ್ಕೊಡ್ರಿ."

ಮರುದಿನ ಬೆಳಿಗ್ಗೆ ಅದೇ ಸುಣ್ಣದ ಸುತ್ತಿನ ನಡುವೆ ನಿಂತರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ಈ ಸಲ ನಾನು ಗೋಡೆಯ ಅಕ್ಷರಗಳೂ ಕಾಣುವಂತೆ ಫೋನ್ ಇಟ್ಟೆ. ಅವರು ನೇರವಾಗಿ ಕ್ಯಾಮೆರಾ ನೋಡಿ, ಬಲಗೈಯನ್ನು ಎಷ್ಟು ಏಳುತ್ತದೋ ಅಷ್ಟು ಎತ್ತಿದರು.

"ಮಕ್ಕಳೇ, ಇದು ನನ್ನ ಬಲಗೈ. ಲಕ್ವ ಹೊಡೆದೈತೆ. ಅದಕ್ಕೆ ನಾನು ಎಡಗೈಲಿ ಹೊಡೀತೀನಿ, ನೀವು ಬಲಗೈಲಿ ಹೊಡೀರಿ. ಇಷ್ಟು ದಿನ ನೀವು ಕಲ್ತಿದ್ದು ಉಲ್ಟಾ ಸುತ್ತು. ನಿಮ್ಮ ತಪ್ಪಲ್ಲ, ನನ್ನ ಕೈ ಮುಚ್ಚಾಕೆ ಹೋಗಿ ಹಿಂಗಾತು. ಈಗ ನನ್ನ ಹಿಂದೆ ಬರ್ರಿ." ಕೈ ಇಳಿಸಿ ಮುಂದುವರಿಸಿದರು. "ಆಟ ಮುಗಿದ ಮ್ಯಾಲೆ ಮೇಷ್ಟ್ರ ಬಲಗೋಲಿಗೆ ಬಲಗೋಲು ತಟ್ಟೋದು ನಮ್ಮ ಪದ್ಧತಿ. ಅದು ನನ್ನ ಕೈಲಿ ಆಗಲ್ಲ. ನಿಮ್ಮ ನಿಮ್ಮ ಜೋಡಿಗೇ ತಟ್ಟಿಕಳ್ರಿ, ಸಾಕು."

ಆಮೇಲೆ ಸುತ್ತು ಹಾಕಿದರು. ನಾನು ಮಾಳಿಗೆಗೆ ಹತ್ತಿದೆ. ಅವರ ಹೆಂಡತಿ ಮೆಟ್ಟಿಲ ಮೇಲೆ ಕುಳಿತು ತಾಳ ಹಾಕುತ್ತಿದ್ದರು. ಇದಕ್ಕೆ ನಾನು ಯಾವ ಗುಂಡಿಯನ್ನೂ ಒತ್ತಲಿಲ್ಲ. ಧ್ವನಿ ಹೊಂದಿಸಿದೆ, ಕಳಿಸಿದೆ, ಅಷ್ಟೇ.

ಉಳಿದ ದಿನಗಳು ಸುಲಭದವಾಗಿರಲಿಲ್ಲ. ಕಾಲಿಗೆ ಒಮ್ಮೆ ರೂಢಿಯಾದದ್ದು ಬೇಗ ಬಿಡುವುದಿಲ್ಲ. ಹೊನ್ನಾಳಿಯ ಮಕ್ಕಳು ಮೊದಲ ದಿನ ಪೂರ್ತಿ ಗೊಂದಲಕ್ಕೆ ಬಿದ್ದು ಹಳೆಯದೂ ಮರೆತರು. ಬಿಡುವಿದ್ದಾಗಲೆಲ್ಲ ಒಂದೊಂದು ಶಾಲೆಗೆ ವಿಡಿಯೊ ಕಾಲ್ ಮಾಡಿ, ನೆಲದ ಮೇಲೆ ಬಳಪದಿಂದ ಬಾಣದ ಗುರುತು ಹಾಕಿಸಿದೆ. ಮೊದಲು ಕೋಲಿಲ್ಲದೆ ನಡಿಗೆ, ಆಮೇಲೆ ಬರೀ ಏಟು, ಆಮೇಲೆ ಎರಡೂ. ವಿಡಿಯೊವನ್ನು ಅರ್ಧ ವೇಗದಲ್ಲಿ ಓಡಿಸುವುದು ಹೇಗೆಂದು ಹೇಳಿಕೊಟ್ಟೆ. ಸವಳಂಗದ ಕಡೆಯವರು ಬೇಗ ಹಿಡಿದರು. ಜಗಳೂರಿನ ಶಿಕ್ಷಕಿ ಎರಡನೆಯ ದಿನ ಫೋನ್ ಮಾಡಿ, "ಏಟು ಕಲಿಯಾಕೆ ಇದೇ ಸಲೀಸು ಕಣ್ರೀ. ಎದುರಿಗೆ ನಿಂತು ನೋಡಿದ್ರೆ ಅಜ್ಜನ ಎಡಗೈ ನಮ್ಮ ಮಕ್ಕಳ ಬಲಗೈ ಕಡೆಗೇ ಬರ್ತೈತೆ. ಮೊದ್ಲಿಂದ ಇದನ್ನೇ ಕಳ್ಸಿದ್ರೆ ಆಗ್ತಿತ್ತಲ್ಲ," ಎಂದರು. ನಾನು ಹೂಂ ಎಂದೆ. ಅದನ್ನು ಮೇಷ್ಟ್ರಿಗೆ ಹೇಳಿದಾಗ ಅವರು ಮೂರು ಸಲ ಕೇಳಿ ಹೇಳಿಸಿಕೊಂಡರು.

ಮೇಳದ ದಿನ ಬೆಳಿಗ್ಗೆ ಮೈದಾನದಲ್ಲಿ ನಾಲ್ಕು ಬಸ್ಸುಗಳ ಮಕ್ಕಳನ್ನು ಸೇರಿಸಿ ಜೋಡಿ ಮಾಡಿದೆವು. ಒಮ್ಮೆ ಆಡಿಸಿ ನೋಡಲು ಮಾತ್ರ ಸಮಯ ಸಿಕ್ಕಿತು. ಹೊನ್ನಾಳಿಯ ಒಬ್ಬ ಹುಡುಗ ಮಾತ್ರ ಹಳೆಯ ಕಡೆಗೆ ತಿರುಗಿದ, ಅವನ ಜಗಳೂರಿನ ಜೋಡಿ ಹುಡುಗಿ ಹೆಗಲು ಹಿಡಿದು ಸರಿ ಮಾಡಿದಳು. ಮೇಷ್ಟ್ರು ವೇದಿಕೆಯ ಬಲಕ್ಕೆ ಕುರ್ಚಿಯಲ್ಲಿ ಕುಳಿತಿದ್ದರು. ಟವೆಲ್ ಹೆಗಲ ಮೇಲಿತ್ತು. ತೊಡೆಯ ಮೇಲೆ ಅವರ ಕೋಲುಗಳ ಚೀಲ.

ಆಟ ಸರಾಗವಾಗಿ ನಡೆಯಿತು. ಹೆಣಿಗೆಯ ಕಡೆಗೆ ಬಂದಾಗ ನಾನು ಮಕ್ಕಳ ಕಾಲುಗಳನ್ನೇ ನೋಡುತ್ತಿದ್ದೆ. ಎಲ್ಲ ಜೋಡಿಗಳೂ ಪ್ರದಕ್ಷಿಣೆಯ ಹಾದಿಯಲ್ಲಿ ಒಬ್ಬರನ್ನೊಬ್ಬರು ದಾಟಿ ಒಳಗೆ ಹೋದವು, ಹೊರಗೆ ಬಂದವು. ಯಾರ ಕಾಲೂ ತಗಲಲಿಲ್ಲ. ಮೇಷ್ಟ್ರ ಎಡಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಅವರ ಹೆಂಡತಿ ಹಿಂದೆ ನಿಂತು ಬಾಯಲ್ಲೇ ಹಾಡುತ್ತಿದ್ದರು.

ಚಪ್ಪಾಳೆ ಬಿದ್ದಿತು. ಮಕ್ಕಳು ಜೋಡಿಗೆ ಜೋಡಿ ಕೋಲು ತಟ್ಟಿ ಇಳಿಯಬೇಕಿತ್ತು, ಹಾಗೇ ಹೇಳಿಕೊಟ್ಟಿದ್ದೆವು. ಜಗಳೂರಿನ ಆ ಹುಡುಗಿ ಮಾತ್ರ ನೇರವಾಗಿ ಮೇಷ್ಟ್ರ ಕುರ್ಚಿಯ ಕಡೆಗೆ ನಡೆದಳು. ಅವಳು ಅವರನ್ನು ಅದುವರೆಗೆ ಟೀವಿಯಲ್ಲಿ ಬಿಟ್ಟು ಬೇರೆಲ್ಲೂ ನೋಡಿರಲಿಲ್ಲ.

"ಅಜ್ಜಾ, ಕೈ ಹೆಂಗೈತೆ ಈಗ?" ಎಂದಳು, ಮನೆಯವರನ್ನು ಕೇಳುವಂತೆ.

"ಹಂಗೇ ಐತವ್ವ."

"ಅವತ್ತು ಟೀವ್ಯಾಗೆ ಇಷ್ಟು ಎತ್ತಿದ್ಯಲ್ಲ. ಅಷ್ಟು ಎತ್ತು, ಸಾಕು." ಹೇಳಿ ತನ್ನ ಬಲಗೋಲನ್ನು ಕೆಳಗೆ, ಅವರ ಎದೆಯ ಮಟ್ಟಕ್ಕೆ ಹಿಡಿದು ನಿಂತಳು.

ಮೇಷ್ಟ್ರು ಹೆಂಡತಿಯ ಕಡೆಗೆ ತಿರುಗಿದರು. ಆಕೆ ಚೀಲದಿಂದ ಕೋಲು ತೆಗೆದು, ಅವರ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಹಿಡಿಸಿದರು. ಕೈ ನಡುಗುತ್ತ ಮೇಲೆ ಬಂತು, ಅರ್ಧದಲ್ಲಿ ನಿಂತಿತು, ಮತ್ತೆ ಬಂತು. ಹುಡುಗಿ ತನ್ನ ಕೋಲನ್ನು ಮುಂದಕ್ಕೆ ತರಲಿಲ್ಲ, ಅವರೇ ಬರಲಿ ಎಂದು ಕಾದಳು. ಅವಳ ಹಿಂದೆ ಹೊನ್ನಾಳಿಯ ಹುಡುಗ, ಅವನ ಹಿಂದೆ ನಮ್ಮ ಮಕ್ಕಳು, ಅವರ ಹಿಂದೆ ಉಳಿದವರೆಲ್ಲ ಬಲಗೋಲು ಹಿಡಿದು ಸಾಲು ನಿಂತಿದ್ದರು. ಮುಂದಿನ ತಂಡ ವೇದಿಕೆಗೆ ಬರಬೇಕು ಎಂದು ಮೈಕಿನವರು ಕೂಗುತ್ತಲೇ ಇದ್ದರು. ಸಾಲಿನಲ್ಲಿ ಒಬ್ಬರೂ ಕದಲಲಿಲ್ಲ. ನಾನು ಅಳುತ್ತಿದ್ದೆ, ಫೋನ್ ಮಾತ್ರ ಹಿಡಿದೇ ಇದ್ದೆ.

ಆ ರೆಕಾರ್ಡಿಂಗ್ ಈಗಲೂ ನನ್ನಲ್ಲಿದೆ. ಮೈಕಿನ ಕೂಗು, ಜನರ ಗದ್ದಲ, ಎಲ್ಲೋ ಒಂದು ಬಸ್ಸಿನ ಹಾರ್ನ್, ಎಲ್ಲ ಇದೆ. ನಡುವೆ ಎಲ್ಲೋ ಒಂದು ಕಡೆ, ಗಮನವಿಟ್ಟು ಕೇಳಿದರೆ ಮಾತ್ರ, ಟಕ್ ಎಂದು ಒಂದು ಸಣ್ಣ ಸದ್ದು. ತರಬೇತಿಗೆ ಬಂದಿದ್ದ ಗೆಳತಿಯೊಬ್ಬರು ಕೇಳಿ, ಒಂದು ಗುಂಡಿ ಒತ್ತಿದರೆ ಗದ್ದಲವೆಲ್ಲ ಹೋಗಿ ಶುದ್ಧವಾಗುತ್ತದಲ್ಲ ಎಂದರು. ನಾನು ಒತ್ತಿಲ್ಲ. ಆ ಗುಂಡಿ ಮೊದಲು ಅಳಿಸುವುದು ಯಾವುದನ್ನು ಎಂದು ನನಗೆ ಗೊತ್ತು.